ಒರಿಜಿನಲ್ ತೋರಿಸಿ

ವಿಷ್ಣುತೀರ್ಥರ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಹರಿನಾಮ ಕೇಳಿಬರುತ್ತಿತ್ತೋ ಹೇಳುವುದು ಕಷ್ಟ. 'ಒರಿಜಿನಲ್' ಎಂಬ ಶಬ್ದ ಮಾತ್ರ ಬೆಳಗಿನ ಕಾಫಿಗೆ ಮುಂಚೆಯೇ ಒಂದೆರಡು ಸಲ ಬಂದುಹೋಗುತ್ತಿತ್ತು. ತುಪ್ಪ ಒರಿಜಿನಲ್ಲಾ, ಜೇನು ಒರಿಜಿನಲ್ಲಾ, ಕೆಲಸದವಳು ಹೇಳಿ ಕಳಿಸಿದ ಜ್ವರ ಒರಿಜಿನಲ್ಲಾ, ಹೀಗೆ ಅವರ ಅನುಮಾನಕ್ಕೆ ಇಂಥದು ಅಂಥದು ಎಂಬ ಭೇದವಿರಲಿಲ್ಲ. ಹೊಸ ಕಾಫಿಪುಡಿ ಬಂದರೆ ಒಂದು ಚಿಟಿಕೆಯನ್ನು ತಣ್ಣೀರಿನ ಲೋಟಕ್ಕೆ ಹಾಕಿ, ಚಿಕೋರಿ ಬಣ್ಣ ಬಿಡುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದರು. ಟಿ. ನಗರದ ಜವಳಿ ಅಂಗಡಿಯೊಂದರಲ್ಲಿ ಹೆಂಡತಿ ಕೌಸಲ್ಯಾ ರೇಷ್ಮೆ ಸೀರೆ ಆರಿಸುತ್ತಿದ್ದಾಗ ಸೆರಗಿನ ಎಳೆಯೊಂದನ್ನು ಕಿತ್ತು, ಕೌಂಟರಿನ ಮೇಲೆಯೇ ಬೆಂಕಿಕಡ್ಡಿ ಗೀರಿ, ಸುಟ್ಟ ಕೂದಲಿನ ವಾಸನೆ ಬರುತ್ತದೋ ಇಲ್ಲವೋ ಎಂದು ಮೂಸಿದ್ದರು. ವಾಸನೆ ಬಂತು, ಹಿಂದೆಯೇ ಅಂಗಡಿಯ ಮ್ಯಾನೇಜರೂ ಬಂದ. ಅಂದಿನಿಂದ ಕೌಸಲ್ಯಾ ಸೀರೆಗೆ ಹೋಗುವಾಗ ಗಂಡನನ್ನು ಕರೆಯುವುದಿಲ್ಲ.

ಹಾಗೆ ನೋಡಿದರೆ ಮದರಾಸಿನಲ್ಲಿ ಆ ಶಬ್ದ ಬಳಸದವರು ಯಾರು? ಫುಟ್‌ಪಾತಿನ ಕ್ಯಾಸೆಟ್ಟಿನವನು 'ಒರಿಜಿನಲ್ ಸಾರ್' ಎಂದೇ ಕೂಗುತ್ತಾನೆ. ಸ್ಕೂಟರ್ ಮೆಕ್ಯಾನಿಕ್ಕು 'ಒರಿಜಿನಲ್ ಪಾರ್ಟು' ಎಂದು ಎದೆ ಮುಟ್ಟಿಕೊಂಡು ಹೇಳುತ್ತಾನೆ. ಹೊಸದಾಗಿ ಪರಿಚಯವಾದ ಕನ್ನಡದವರು 'ನಿಮ್ಮ ಒರಿಜಿನಲ್ ಊರು ಯಾವುದು' ಎಂದು ಕೇಳಿ, ಮೂರು ತಲೆಮಾರಿನಿಂದ ಇಲ್ಲೇ ಇದ್ದವರನ್ನು ಪೇಚಿಗೆ ಸಿಕ್ಕಿಸುತ್ತಾರೆ. ಇಂಗ್ಲಿಷಿನ ನಿಘಂಟಿನಲ್ಲಿ ಅದಕ್ಕೆ 'ಮೂಲದ್ದು' ಎಂದು ಅರ್ಥವಿರಬಹುದು. ನಮ್ಮ ಬಾಯಿಗೆ ಬಂದಮೇಲೆ ಅದು ಅನುಮಾನದ ಶಬ್ದವಾಗಿಬಿಟ್ಟಿದೆ. ಮಳೆಯನ್ನು ಯಾರೂ ಒರಿಜಿನಲ್ ಎನ್ನುವುದಿಲ್ಲ, ಹಸಿವನ್ನೂ ಎನ್ನುವುದಿಲ್ಲ. ಮೋಸ ಇರಬಹುದೆಂದು ಎಲ್ಲಿ ಮನಸ್ಸು ಹೇಳುತ್ತದೋ ಅಲ್ಲಿಯೇ ಆ ಮಾತು ಹುಟ್ಟುವುದು.

ವಿಷ್ಣುತೀರ್ಥರಿಗೆ ಅದು ಬರೀ ಬಾಯಿಚಪಲವಲ್ಲ, ವೃತ್ತಿ. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅವರು ಗೆಜೆಟೆಡ್ ಅಧಿಕಾರಿ. ಅರ್ಜಿಗೆ ಲಗತ್ತಿಸುವ ಜೆರಾಕ್ಸ್ ಪ್ರತಿಗಳ ಮೇಲೆ ಇಂಥವರೊಬ್ಬರು ಹಸಿರು ಶಾಯಿಯಲ್ಲಿ ಸಹಿ ಹಾಕಿ, 'ಒರಿಜಿನಲ್‌ನೊಂದಿಗೆ ಹೋಲಿಸಿ ನೋಡಲಾಗಿದೆ' ಎಂಬ ಮೊಹರು ಒತ್ತದಿದ್ದರೆ ಆ ಕಾಗದ ಕಡಲೆಕಾಯಿ ಕಟ್ಟಲಿಕ್ಕೂ ಲಾಯಕ್ಕಲ್ಲ. ಪ್ರತಿ ಭಾನುವಾರ ಎಂಟರಿಂದ ಒಂಬತ್ತೂವರೆಯವರೆಗೆ ಅವರ ಮನೆಯ ಜಗಲಿಯ ಮೇಲೆ ಕೆಲಸ ಹುಡುಕುವವರು, ಕಾಲೇಜು ಸೇರುವವರು ಸಾಲಾಗಿ ಕೂರುತ್ತಿದ್ದರು. ಒಂದು ಪೈಸೆ ಮುಟ್ಟಿದವರಲ್ಲ. ಆ ಮಾತು ಒಪ್ಪಬೇಕು. ಆದರೆ ಒಂದು ಸಹಿ ಪಡೆಯುವಷ್ಟರಲ್ಲಿ ಬಂದವನಿಗೆ ತಾನೇ ಪರೀಕ್ಷೆ ಬರೆದದ್ದು ಹೌದೇ ಎಂದು ಸಂಶಯ ಬರುವಂತೆ ಮಾಡುತ್ತಿದ್ದರು. ಒರಿಜಿನಲ್ಲನ್ನು ಬೆಳಕಿಗೆ ಹಿಡಿಯುವರು, ಮುದ್ರೆಯ ಮೇಲೆ ಬೆರಳಾಡಿಸುವರು, ತಟ್ಟನೆ 'ಕೆಮಿಸ್ಟ್ರಿಯಲ್ಲಿ ಎಷ್ಟು?' ಎಂದು ಕೇಳುವರು. ತಡವರಿಸಿದವನ ಕಾಗದ ವಾಪಸ್.

ಎರಡು ಸಾವಿರನೆಯ ಇಸವಿಯ ಫೆಬ್ರವರಿಯಲ್ಲಿ ಮೇಲಿನ ಮನೆಗೆ ಮಂಡ್ಯ ಕಡೆಯ ತಾಯಿ ಮಗಳು ಬಾಡಿಗೆಗೆ ಬಂದಿದ್ದರು. ಮಗಳು ರಚನಾ, ತಾಂಬರಂ ಆಚೆಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ದಿನಾ ಬೆಳಗ್ಗೆ ಏಳೂಕಾಲಿಗೆ ಕಾಲೇಜಿನ ಹಳದಿ ಬಸ್ಸು ಗೇಟಿನ ಮುಂದೆ ನಿಂತು ಎರಡು ಸಲ ಹಾರ್ನ್ ಹೊಡೆದು ಅವಳನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ತಾಯಿ ಚಿಕ್ಕತಾಯಮ್ಮ ವಿಧವೆ, ಗಟ್ಟಿ ದನಿಯ ಹೆಂಗಸು. ಮನೆಯ ಯಜಮಾನರು ಮೊದಲ ದಿನವೇ 'ಬರೋವಾಗ ಕದ ಸಾತ್ತಿ ಬನ್ನಿ' ಎಂದು, ಮುಚ್ಚಿ ಎನ್ನುವುದನ್ನು ತಮಿಳಿನಲ್ಲಿ ಹೇಳಿದ್ದು ಕೇಳಿ ಆಕೆಗೆ ಇವರ ಕನ್ನಡದ ಮೇಲೆಯೇ ಅನುಮಾನ ಬಂದಿತ್ತಂತೆ. ವಿಷ್ಣುತೀರ್ಥರು ಬಾಡಿಗೆ ಕರಾರನ್ನು ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿ, ಒರಿಜಿನಲ್ಲನ್ನು ತಮ್ಮ ಬೀರುವಿನಲ್ಲಿಟ್ಟು, ಜೆರಾಕ್ಸನ್ನು ಅವರಿಗೆ ಕೊಟ್ಟಿದ್ದರು.

ಜುಲೈ ಮೊದಲ ಭಾನುವಾರ ರಚನಾ ಐದು ಜೆರಾಕ್ಸ್ ಹಿಡಿದು ಜಗಲಿಗೆ ಬಂದಳು, ಹಿಂದೆ ತಾಯಿ. ಕರ್ನಾಟಕದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ಕಿಗೆ ಲೆಕ್ಚರರ್‌ಗಳನ್ನು ಕರೆದಿದ್ದರು. ಎಷ್ಟೋ ವರ್ಷಕ್ಕೊಮ್ಮೆ ಕರೆಯುವ ಕೆಲಸ. ಮುಂದಿನ ಸಲ ಕರೆಯುವ ಹೊತ್ತಿಗೆ ಅವಳ ವಯೋಮಿತಿ ಮೀರಿಯೂ ಇರಬಹುದು. ಆಗಸ್ಟ್ ಇಪ್ಪತ್ತೈದರೊಳಗೆ ಅರ್ಜಿ ಬೆಂಗಳೂರು ಮುಟ್ಟಬೇಕಿತ್ತು. ಸಿಕ್ಕರೆ ಊರಿನ ಹತ್ತಿರ ಖಾಯಂ ನೌಕರಿ, ತಾಯಿಗೆ ತನ್ನ ಭಾಷೆಯ ನೆರೆಹೊರೆ.

ವಿಷ್ಣುತೀರ್ಥರು ಜೆರಾಕ್ಸ್‌ಗಳನ್ನು ಮಗುಚಿ ಹಾಕಿ, ಖಾಲಿ ಅಂಗೈ ಚಾಚಿದರು. "ಒರಿಜಿನಲ್ ಎಲ್ಲಿ?"

"ಕಾಲೇಜಲ್ಲಿ ಇಟ್ಕೊಂಡವ್ರೆ ಸಾರ್. ಕೆಲ್ಸಕ್ಕೆ ಸೇರೋವಾಗ್ಲೆ ಈಸ್ಕೊಂಡ್ರು. ಕೆಲ್ಸ ಬಿಡೋಗಂಟ ಕೊಡಲ್ಲ ಅಂತಾರೆ. ಇದು ಕೊಡೋಕೆ ಮುಂಚೆ ಮಾಡ್ಸಿಟ್ಟಿದ್ದ ಜೆರಾಕ್ಸು."

ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮೇಷ್ಟ್ರುಗಳು ವರ್ಷದ ಮಧ್ಯೆ ಬೇರೆ ಕಡೆ ಹಾರದಿರಲೆಂದು ಅವರ ಸರ್ಟಿಫಿಕೇಟುಗಳನ್ನು ಬೀಗ ಹಾಕಿ ಇಟ್ಟುಕೊಳ್ಳುವ ಕಾಲೇಜುಗಳು ಆಗ ಬೇಕಾದಷ್ಟಿದ್ದವು. ವಿಷ್ಣುತೀರ್ಥರಿಗೂ ಅದು ಗೊತ್ತು. ಆದರೆ ಗೊತ್ತಿರುವುದೇ ಬೇರೆ, ನಂಬುವುದೇ ಬೇರೆ. ಇದೇ ಕಥೆ ಹೇಳಿಕೊಂಡು ಖೋಟಾ ಡಿಗ್ರಿಯವರು ಬರುವುದಿಲ್ಲವೇ? ಭೂತಗನ್ನಡಿ ತರಿಸಿ ಜೆರಾಕ್ಸಿನ ಮುದ್ರೆಯನ್ನು ನೋಡಿದರು. ವಿಶ್ವವಿದ್ಯಾಲಯದ ಹೆಸರಿನ ಒಂದು ಅಕ್ಷರ ಮಸುಕಾಗಿತ್ತು. ಜೆರಾಕ್ಸ್ ಅಂದಮೇಲೆ ಮಸುಕಾಗದೆ ಇನ್ನೇನಾಗುತ್ತದೆ? ಅವರಿಗೆ ಅಷ್ಟು ಸಾಕಾಯಿತು. ಒರಿಜಿನಲ್ ಕಣ್ಣಾರೆ ಕಾಣದೆ ತಮ್ಮ ಪೆನ್ನಿನ ಕ್ಯಾಪು ತೆರೆಯುವುದಿಲ್ಲವೆಂದೂ, ಮೂವತ್ತಮೂರು ವರ್ಷದ ಸರ್ವೀಸಿನಲ್ಲಿ ಒಂದು ಸಲವೂ ತೆರೆದಿಲ್ಲವೆಂದೂ ಹೇಳಿದರು. ಈ ಊರಿನಲ್ಲಿ ತನಗೆ ಗೊತ್ತಿರುವ ಗೆಜೆಟೆಡ್ ಅಧಿಕಾರಿ ಅವರೊಬ್ಬರೇ ಎಂದು ಹುಡುಗಿ ತಗ್ಗಿದ ದನಿಯಲ್ಲಿ ಹೇಳಿದಳು. ಅವರು ಸಾಲಿನಲ್ಲಿ ಹಿಂದೆ ಕೂತವನನ್ನು ಕರೆದರು.

ಹಿಂದೆ ನಿಂತಿದ್ದ ಚಿಕ್ಕತಾಯಮ್ಮ ಆಗ ಮುಂದೆ ಬಂದರು. "ಒರಿಜಿನಲ್ ಅಂದ್ರೆ ದಿಟ ಅಂತ ತಾನೆ ಸ್ವಾಮಿ? ಅಷ್ಟು ಓದಿದ ಮಗ್ಳೇ ದಿಟವಾಗಿ ನಿಮ್ಮ ಕಣ್ಮುಂದೆ ನಿಂತವ್ಳೆ. ಅವ್ಳನ್ನ ಬಿಟ್ಬುಟ್ಟು ಕಾಗ್ದ ಕೇಳ್ತೀರಲ್ಲ."

ವಿಷ್ಣುತೀರ್ಥರಿಗೆ ಆ ಮಾತು ಒಳಗೆಲ್ಲೋ ಚುರುಕ್ಕೆಂದಿತು. ಊಟಕ್ಕೆ ಕೂತಾಗ ಕೌಸಲ್ಯಾ, ಪಾಪಕ್ಕೆ ಪಾವಂ, ಮಹಡಿಗೆ ಮಾಡಿ ಎನ್ನುವ ತನ್ನ ಮದರಾಸಿ ಕನ್ನಡದಲ್ಲಿ, "ಪಾವಂ ರೀ ಆ ಹುಡುಗಿ. ನಮ್ಮ ಮಾಡಿಯಲ್ಲೇ ಇರೋಳು, ಓಡಿಹೋಗ್ತಾಳಾ? ಒಂದು ಸೈನ್ ತಾನೆ," ಎಂದರೆ, ಅವರು ಹುಳಿಯಲ್ಲಿ ಬೆರಳದ್ದಿ ಇಂಗು ಒರಿಜಿನಲ್ಲಾ ಎಂದು ಕೇಳಿ ಮಾತು ಹಾರಿಸಿದರು.

ತಾನು ಕಳ್ಳ, ಪರರ ನಂಬ ಎಂದು ಗಾದೆಯಿದೆ. ವಿಷ್ಣುತೀರ್ಥರು ಕಳ್ಳರಲ್ಲ, ಆದರೆ ಅವರ ಬದುಕಿನ ಬುಡದಲ್ಲಿಯೇ ಒಂದು ಸುಳ್ಳು ಕೂತಿತ್ತು. ಅವರು ಹುಟ್ಟಿದ್ದು ವಿಕ್ರಮ ಸಂವತ್ಸರದ ಶ್ರಾವಣದಲ್ಲಿ, ಅಂದರೆ ಸಾವಿರದ ಒಂಬೈನೂರ ನಲವತ್ತರಲ್ಲಿ. ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆಯೊಂದರ ಗುಮಾಸ್ತರಾಗಿದ್ದ ಅವರ ತಂದೆ ಮಗನನ್ನು ಶಾಲೆಗೆ ಸೇರಿಸಲು ಕರೆದೊಯ್ದಾಗ ಅವನಿಗೆ ಆಗಲೇ ಏಳು ತುಂಬುತ್ತಿತ್ತು. ಐದು ವರ್ಷ ಎಂದು ಬರೆಸಿದರೆ ಮುಂದೆ ಸರ್ಕಾರಿ ನೌಕರಿ ಸಿಕ್ಕಾಗ ಎರಡು ವರ್ಷ ಹೆಚ್ಚಿಗೆ ದುಡಿಯಬಹುದೆಂದು ತಂದೆಯ ದೂರಾಲೋಚನೆ. ಆಗೆಲ್ಲ ಐದು ತುಂಬಿದೆಯೇ ಎಂದು ತಿಳಿಯಲು ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಏಳು ವರ್ಷದವನ ಕೈ ಕಿವಿಯನ್ನು ಸಲೀಸಾಗಿ ಹಿಡಿಯುತ್ತದೆ. ತಂದೆ ದಾರಿಯಲ್ಲಿಯೇ ಕಲಿಸಿದ್ದರು: ಕಷ್ಟಪಟ್ಟು ಮುಟ್ಟಿದ ಹಾಗೆ ಮುಟ್ಟು, ಬೆರಳ ತುದಿಯಷ್ಟೇ ತಾಗಲಿ. ಹುಡುಗ ಹಾಗೆಯೇ ಮುಟ್ಟಿದ. ಹೆಡ್‌ಮೇಷ್ಟ್ರು ನಕ್ಕು, ಜೂನ್ ಒಂದು, ನಲವತ್ತೆರಡು ಎಂದು ಬರೆದುಕೊಂಡರು. ವಿಷ್ಣುತೀರ್ಥರು ಶಾಲೆಯಲ್ಲಿ ಅಕ್ಷರಕ್ಕೆ ಮುಂಚೆ ಕಲಿತದ್ದು ಅದು.

ಆ ತಾರೀಖು ಎಸ್ಸೆಸ್ಸೆಲ್ಸಿಗೆ ಬಂತು, ಡಿಗ್ರಿಗೆ ಬಂತು, ಸರ್ವೀಸ್ ಪುಸ್ತಕಕ್ಕೆ ಬಂತು. ಒರಿಜಿನಲ್ ಕಾಗದಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು, ಎಲ್ಲವೂ ಸುಳ್ಳು ಹೇಳುತ್ತಿದ್ದವು. ಇಂಥವರು ದೇಶದಲ್ಲಿ ಲಕ್ಷಗಟ್ಟಲೆ ಇದ್ದಾರೆ. ಯಾರೂ ನಿದ್ದೆ ಕೆಡಿಸಿಕೊಂಡಿಲ್ಲ. ವಿಷ್ಣುತೀರ್ಥರಿಗೂ ಒಂದು ಕಾಲದಲ್ಲಿ ಕೆಟ್ಟಿರಲಿಲ್ಲ. ಐದಾರು ವರ್ಷದ ಹಿಂದೆ ಅವರೇ ಆಫೀಸಿನ ಅಟೆಂಡರ್ ಭೋಜರಾಜನ ಕಾಗದಗಳಲ್ಲಿ ಹುಟ್ಟಿದ ವರ್ಷ ಎರಡು ಕಡೆ ಎರಡು ಥರ ಇರುವುದನ್ನು ಪತ್ತೆಹಚ್ಚಿ ಟಿಪ್ಪಣಿ ಬರೆದರು. ಭೋಜರಾಜ ಮಗಳ ಮದುವೆಗೆ ಮುಂಚೆಯೇ ನಿವೃತ್ತನಾಗಿ ಮನೆಗೆ ಹೋದ. ಹೋಗುವಾಗ ಬೈಯಲಿಲ್ಲ, ಕೈಮುಗಿದು ಹೋದ. ಅಂದಿನಿಂದ ಅವರಿಗೆ ತಮ್ಮ ಕಾಗದದ ಭಯ ಹತ್ತಿಕೊಂಡಿತು. ಕಾಗದದ ಪ್ರಕಾರ ನಿವೃತ್ತಿ ಎರಡು ಸಾವಿರದ ಎರಡರ ಮೇ ತಿಂಗಳಿಗೆ. ಜಾತಕದ ಪ್ರಕಾರ ಈ ಶ್ರಾವಣಕ್ಕೆ.

ಭಯವನ್ನು ತಲೆಯ ಮೇಲೆ ತಂದು ಕೂರಿಸಿದವಳು ಕೌಸಲ್ಯಾ. ಗಂಡನಿಗೆ ಅರವತ್ತು ತುಂಬಿದರೆ ಷಷ್ಟ್ಯಬ್ದಿ ಶಾಂತಿ ಮಾಡಲೇಬೇಕು, ಅದು ಆಯುಸ್ಸಿನ ವಿಷಯ ಎಂದು ಪಟ್ಟು ಹಿಡಿದಳು. ಹುಟ್ಟಿದ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಸಂವತ್ಸರ ಸರ್ವೀಸ್ ಪುಸ್ತಕ ನೋಡಿ ಬರುವುದಿಲ್ಲವಲ್ಲ. ಅವರು ಷರತ್ತು ಹಾಕಿ ಒಪ್ಪಿದರು. ಮನೆಯಲ್ಲೇ ಆಗಬೇಕು, ನೆಂಟರಷ್ಟೇ ಬರಬೇಕು, ಆಫೀಸಿಗೆ ಸುಳಿವು ಸಿಗಬಾರದು, ಅಚ್ಚುಗಿಚ್ಚು ಯಾವುದೂ ಕೂಡದು.

ಆದರೂ ಮಗ ಸುಘೋಷ ಮಾಂಬಳದ ಪ್ರೆಸ್ಸಿನಿಂದ ನೂರು ಕಾರ್ಡು ಹೊತ್ತು ತಂದ. ಹಳದಿ ಹಚ್ಚಿದ ಅಂಚು, ಅಚ್ಚ ಕನ್ನಡ ಅಕ್ಷರ: ವಿಕ್ರಮ ಸಂವತ್ಸರ, ಶ್ರಾವಣ ಮಾಸ, ಶ್ರೀ ವಿಷ್ಣುತೀರ್ಥರಿಗೆ ಅರವತ್ತು ಸಂವತ್ಸರಗಳು ತುಂಬಿದ ಶುಭಸಂದರ್ಭ. ವಿಷ್ಣುತೀರ್ಥರು ಕಾರ್ಡಿನ ಕಟ್ಟನ್ನು ಕಿತ್ತುಕೊಂಡು, ಆಫೀಸಿನವರು ನೋಡಿದರೆ ಗತಿಯೇನು ಎಂದರು. ಸುಘೋಷ ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವವನು. "ಶುಮ್ಮಾ ಇರುಪ್ಪಾ. ಉನ್ ಆಫೀಸ್‌ಲೆ ಯಾರುಕ್ಕು ಕನ್ನಡ ತೆರಿಯುಂ?" ಎಂದ. ನಿನ್ನ ಆಫೀಸಿನಲ್ಲಿ ಕನ್ನಡ ಯಾರಿಗೆ ಗೊತ್ತು ಎಂಬ ಆ ಮಾತಿನಲ್ಲಿ ನ್ಯಾಯವಿತ್ತು. ಅವರು ಕೊಂಚ ಸಮಾಧಾನಗೊಂಡು, ನೆಂಟರಿಗೆ ಕೊಟ್ಟವನ್ನು ಬಿಟ್ಟು ಉಳಿದ ಕಾರ್ಡುಗಳನ್ನು ಎಣಿಸಿದರು. ಒಂದು ಕಡಿಮೆ ಬಂತು. ಮತ್ತೆ ಎಣಿಸಿದರು. ಮತ್ತೂ ಒಂದು ಕಡಿಮೆ.

"ಮಾಡಿಯವರಿಗೆ ಕೊಟ್ಟೆ," ಎಂದಳು ಕೌಸಲ್ಯಾ. "ಕನ್ನಡದವರು, ತಲೆಮೇಲೆ ಇರೋರು. ಕೊಡದೆ ಇದ್ದರೆ ಚೆನ್ನಾಗಿರ್ತದಾ?"

ವಿಷ್ಣುತೀರ್ಥರು ಕುರ್ಚಿಯ ಮೇಲೆ ಕೂತರು. ಫೆಬ್ರವರಿಯಲ್ಲಿ ಟೈಪ್ ಮಾಡಿಸಿದ ಬಾಡಿಗೆ ಕರಾರಿನ ಮೊದಲ ಸಾಲು ಅವರಿಗೆ ಬಾಯಿಪಾಠ ಬರುತ್ತಿತ್ತು: ವಿಷ್ಣುತೀರ್ಥ, ಕೇಂದ್ರ ಸರ್ಕಾರದ ಅಧಿಕಾರಿ, ವಯಸ್ಸು ಐವತ್ತೇಳು. ಫೆಬ್ರವರಿಯಲ್ಲಿ ಐವತ್ತೇಳು, ಆಗಸ್ಟಿನಲ್ಲಿ ಅರವತ್ತು. ಎರಡು ಕಾಗದವೂ ಈಗ ಆ ಹುಡುಗಿಯ ಕೈಯಲ್ಲಿವೆ. ಒಂದು ಸಹಿಗಾಗಿ ಕೈಯೊಡ್ಡಿ ಬಂದು ಬರಿಗೈಯಲ್ಲಿ ಹೋದವಳು ಅವಳು. ಮದರಾಸಿನ ಕಚೇರಿಗಳಲ್ಲಿ 'ಮೊಟ್ಟೆ ಪೆಟಿಶನ್' ಎನ್ನುತ್ತಾರೆ, ಅಂದರೆ ಸಹಿಯಿಲ್ಲದ ಬೋಳು ದೂರು. ಅಂಥದೊಂದು, ಎರಡು ಜೆರಾಕ್ಸಿನ ಜೊತೆ ಮೇಲಿನವರಿಗೆ ಹೋದರೆ ಸಾಕು. ಭೋಜರಾಜನ ಫೈಲಿನ ಮೇಲೆ ತಾವೇ ಬರೆದ ಟಿಪ್ಪಣಿಯನ್ನು ನೋಡಿಕೊಂಡು ಇನ್ನೊಬ್ಬ ಅಧಿಕಾರಿ ತಮ್ಮ ಮೇಲೆ ಟಿಪ್ಪಣಿ ಬರೆಯುತ್ತಾನೆ.

ಅಂದಿನಿಂದ ಅವರ ಕಿವಿಯೆಲ್ಲ ಮಹಡಿಯ ಮೇಲೆ. ಮೇಲೆ ಟ್ರಂಕು ಎಳೆದ ಸದ್ದಾದರೆ ಕರಾರು ಹುಡುಕುತ್ತಿದ್ದಾಳೆ ಎಂದುಕೊಂಡರು. ಮೆಟ್ಟಿಲ ಮೇಲೆ ಎದುರಾದಾಗ ಅವಳು 'ಅರವತ್ತಾಯ್ತಂತೆ ಸಾರ್' ಎಂದು ನಗುತ್ತ ಕೇಳಿದ್ದಕ್ಕೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅದೆಲ್ಲ ಹೆಂಗಸರ ಲೆಕ್ಕ ಎಂದು ಗೊಣಗಿ ಸರಿದುಹೋದರು. ಇದಕ್ಕೆಲ್ಲ ಕಳಶವಿಟ್ಟ ಹಾಗೆ ಷಷ್ಟ್ಯಬ್ದಿಗೆ ನಾಲ್ಕು ದಿನ ಮುಂಚೆ, ಬುಧವಾರ, ಹಳದಿ ಬಸ್ಸು ಗೇಟಿನ ಮುಂದೆ ನಿಲ್ಲಲೇ ಇಲ್ಲ. ಹಾರ್ನೂ ಇಲ್ಲ, ಏನೂ ಇಲ್ಲ, ಸೀದಾ ಹೋಗಿಬಿಟ್ಟಿತು. ಗುರುವಾರವೂ ಅಷ್ಟೇ. ಹುಡುಗಿ ಮಾತ್ರ ಒಂಬತ್ತು ಗಂಟೆಗೆ ಖಾಕಿ ಲಕೋಟೆಯೊಂದನ್ನು ಎದೆಗವಚಿಕೊಂಡು ಹೊರಗೆ ಹೋದಳು. ಕೆಲಸಕ್ಕೆ ರಜ ಹಾಕಿ ಓಡಾಡುವಂಥ ಕೆಲಸ ಏನಿದ್ದೀತು? ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅವಳು ನಿಂತದ್ದನ್ನು ಆಫೀಸಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಕಣ್ಣಾರೆ ಕಂಡರು. ಆ ದಿನ ಆಫೀಸಿನಲ್ಲಿ ಬಂದ ಟಪಾಲನ್ನೆಲ್ಲ ತಾವೇ ಮೊದಲು ಒಡೆದು ನೋಡಿದರು. ಶುಕ್ರವಾರವೂ ನೋಡಿದರು.

ಭಾನುವಾರ ಬೆಳಗ್ಗೆ ಜಗಲಿಯ ಸಾಲಿಗೆ ರಜ ಕೊಟ್ಟು ಹೋಮ ಆರಂಭವಾಯಿತು. ಪುರೋಹಿತರು ಸಂಕಲ್ಪದಲ್ಲಿ ಅರವತ್ತರ ಮಾತನ್ನು ಗಂಟಲು ಬಿಚ್ಚಿ ಹೇಳುತ್ತಿದ್ದರೆ ವಿಷ್ಣುತೀರ್ಥರಿಗೆ ಕಿಟಕಿ ಮುಚ್ಚಬೇಕೆನಿಸುತ್ತಿತ್ತು. ಕಲಶದ ನೀರನ್ನು ದಂಪತಿಗಳ ತಲೆಯ ಮೇಲೆ ಸುರಿದರು. ನಡುಗುತ್ತ ಕೂತ ಗಂಡನ ಪಕ್ಕದಲ್ಲಿ ಕೌಸಲ್ಯಾ ಹೊಸ ಮದುವಣಗಿತ್ತಿಯ ಹಾಗೆ ನಾಚಿಕೊಂಡಿದ್ದಳು. ಅವರ ಕಣ್ಣು ಮಾತ್ರ ಬಾಗಿಲ ಹತ್ತಿರ ಚಾಪೆಯ ಮೇಲೆ ತಾಯಿಯೊಡನೆ ಕೂತಿದ್ದ ರಚನಾಳ ಮೇಲೆ. ಅವಳ ತೊಡೆಯ ಮೇಲೆ ಅದೇ ಖಾಕಿ ಲಕೋಟೆ, ಅದರ ಮೇಲೆ ಹಳದಿ ಅಂಚಿನ ಆಹ್ವಾನಪತ್ರಿಕೆ. ಶುಭಕಾರ್ಯಕ್ಕೆ ಬಂದವರು ಲಕೋಟೆ ತರುತ್ತಾರೆಯೇ?

ಊಟವಾದ ಮೇಲೆ ಅವಳು ಹತ್ತಿರ ಬಂದು, ಐದೇ ನಿಮಿಷ ಒಂದು ಕೆಲಸವಿದೆ, ಇವತ್ತು ಕೇಳಬಾರದು, ಆದರೆ ನಾಳೆ ಟಪಾಲಿಗೆ ಹಾಕದಿದ್ದರೆ ಕಡೆಯ ದಿನ ಮೀರಿಹೋಗುತ್ತದೆ ಎಂದಳು. ವಿಷ್ಣುತೀರ್ಥರು ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತ ನೋಡಿ, ಅವಳನ್ನು ಮುಂದಿನ ಕೋಣೆಗೆ ಕರೆದೊಯ್ದು ಬಾಗಿಲು ಓರೆ ಮಾಡಿದರು. ಅವಳು ಆಹ್ವಾನಪತ್ರಿಕೆಯನ್ನು ಮೇಜಿನ ಮೇಲಿಟ್ಟು, ಲಕೋಟೆಯಿಂದ ಜೆರಾಕ್ಸ್‌ಗಳನ್ನು ತೆಗೆದಳು. ಪತ್ರಿಕೆಯ ಮೇಲಿನ 'ಅರವತ್ತು' ನೇರವಾಗಿ ಅವರ ಕಡೆಗೇ ತಿರುಗಿಕೊಂಡಿತ್ತು. ಬೇಕೆಂದೇ ಹಾಗಿಟ್ಟಿದ್ದಾಳೆ ಎಂದು ಅವರಿಗೆ ಖಾತ್ರಿಯಾಯಿತು.

ಅವಳು ಬಾಯಿ ತೆರೆಯುವ ಮೊದಲೇ ಅವರು ಡ್ರಾಯರಿನಿಂದ ಹಸಿರು ಪೆನ್ನು ತೆಗೆದಿದ್ದರು. ಶಲ್ಯದ ತುದಿಯಿಂದ ಕೈ ಒರೆಸಿಕೊಂಡು ಮೊದಲನೆಯ ಪ್ರತಿಗೆ ಸಹಿ ಹಾಕಿದರು. ಎರಡನೆಯದು, ಮೂರನೆಯದು. ಯಾವ ಪರೀಕ್ಷೆಯ ಅಂಕಪಟ್ಟಿ, ಯಾವ ವರ್ಷದ್ದು, ಯಾರ ಹೆಸರಿನದು ಒಂದನ್ನೂ ನೋಡಲಿಲ್ಲ. ಐದರ ಮೇಲೂ ಒರಿಜಿನಲ್‌ನೊಂದಿಗೆ ಹೋಲಿಸಿ ನೋಡಲಾಗಿದೆ ಎಂಬ ಮೊಹರನ್ನು ಟಪಟಪನೆ ಒತ್ತಿದರು.

"ಸಾಕಲ್ವಾ?" ಎಂದರು. "ಆ ಪತ್ರಿಕೆ ಇಲ್ಲೇ ಬಿಟ್ಟುಹೋಗಮ್ಮಾ. ಬಾಡಿಗೆ ಕರಾರಿನ ಜೆರಾಕ್ಸು ಮೇಲೆ ಇದೆಯಲ್ಲ, ಅದನ್ನೂ ತಂದುಕೊಡು. ವಯಸ್ಸು ತಪ್ಪಾಗಿ ಟೈಪಾಗಿದೆ. ಹೊಸದು ಮಾಡಿಸಿಕೊಡ್ತೀನಿ."

ರಚನಾ ಅವರ ಮುಖ ನೋಡಿದಳು. ಕರಾರಿನ ಮೊದಲ ಸಾಲನ್ನು ಅವಳು ಓದಿದ್ದಳು, ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಈಗ ನೆನಪಿಸಿಕೊಂಡಳು. ಮೇಜಿನ ಮೇಲಿನ ಪತ್ರಿಕೆಯನ್ನು ನೋಡಿದಳು. ಗೋಡೆಯ ಮೇಲೆ ನೇತುಹಾಕಿದ್ದ ಆಫೀಸಿನ ಕ್ಯಾಲೆಂಡರ್ ನೋಡಿದಳು. ಪಾಠ ಹೇಳುವ ಹುಡುಗಿ. ಐವತ್ತೇಳಕ್ಕೂ ಅರವತ್ತಕ್ಕೂ ನಡುವೆ ಎಷ್ಟಿದೆ ಎಂದು ತಿಳಿಯಲು ಅವಳಿಗೆ ಬೆರಳು ಮಡಿಸಬೇಕಿರಲಿಲ್ಲ. ತಾವೇ ಬಾಯಾರೆ ಹೇಳಿಕೊಟ್ಟದ್ದು ವಿಷ್ಣುತೀರ್ಥರಿಗೆ ಆಗ ಅರಿವಾಯಿತು. ಆ ಕ್ಷಣದವರೆಗೆ ಅವಳಿಗೆ ಏನೂ ಗೊತ್ತಿರಲಿಲ್ಲ.

ಅವಳು ಲಕೋಟೆಯ ತಳಕ್ಕೆ ಕೈಹಾಕಿ ಪ್ಲಾಸ್ಟಿಕ್ ಕವರಿನಲ್ಲಿದ್ದ ದಪ್ಪ ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಉಬ್ಬು ಮುದ್ರೆ, ಹೊಂಬಣ್ಣದ ಲಾಂಛನ, ಮಡಿಕೆಯ ಗೆರೆ.

"ಒರಿಜಿನಲ್ಲು ಸಾರ್. ಕೆಲ್ಸಕ್ಕೆ ರಿಸೈನ್ ಮಾಡ್ದೆ. ಇದನ್ನ ಈಸ್ಕೊಳೋಕೆ ಅಂತಾನೇ."

ವಿಷ್ಣುತೀರ್ಥರು ಉಬ್ಬು ಮುದ್ರೆಯ ಮೇಲೆ ಬೆರಳಿಟ್ಟರು. ಬಸ್ಸು ಗೇಟಿನ ಮುಂದೆ ನಿಲ್ಲದೆ ಹೋದದ್ದು ಕಣ್ಣಿಗೆ ಕಟ್ಟಿತು. ಆ ಸರ್ಕಾರಿ ಕೆಲಸ ಸಿಗುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಸಿಕ್ಕರೂ ಒಂದೆರಡು ವರ್ಷವಾದರೂ ಹಿಡಿಯುತ್ತದೆ. ಇದ್ದ ಕೆಲಸವನ್ನು ಮಾತ್ರ ಅವಳು ಬಿಟ್ಟು ಬಂದಿದ್ದಳು, ಒರಿಜಿನಲ್ಲನ್ನು ಇವರ ಅಂಗೈಯ ಮೇಲೆ ಇಡಲಿಕ್ಕಾಗಿ. ಜುಲೈಯಲ್ಲಿ ಒಂದು ಸಲ ನಂಬಿದ್ದರೆ ಸಾಕಿತ್ತು.

ರಚನಾ ಸಹಿಯಾದ ಐದು ಪ್ರತಿಗಳನ್ನು ಒಟ್ಟುಮಾಡಿ, ಅಂಚು ಸರಿಮಾಡಿ, ನಡುವೆ ಹರಿದಳು. ಕೋಪದಿಂದ ಹರಿದಂತಿರಲಿಲ್ಲ. ಲಕೋಟೆಯಲ್ಲಿ ಇನ್ನೊಂದು ಸೆಟ್ಟಿತ್ತು. ಅದನ್ನು ಒರಿಜಿನಲ್ ಪಕ್ಕದಲ್ಲಿ ಜೋಡಿಸಿಟ್ಟಳು.

"ಇವನ್ನ ನೋಡಿ ಮಾಡಿ ಸಾರ್. ಹೆದ್ರಿಕೊಂಡು ಮಾಡಿದ್ದು ನಂಗೆ ಬೇಡ."

ಅವರು ನೋಡಿದರು. ಒಂದೊಂದೇ ಸಾಲು, ಬೆರಳಿಟ್ಟು. ಎಲ್ಲ ಸರಿಯಾಗಿತ್ತು. ಮಸುಕಾಗಿದ್ದ ಅಕ್ಷರ ಒರಿಜಿನಲ್ಲಿನಲ್ಲಿ ಸ್ಪಷ್ಟವಾಗಿತ್ತು. ಮೂರು ವಿಷಯದಲ್ಲಿ ಡಿಸ್ಟಿಂಕ್ಷನ್. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹುಟ್ಟಿದ ತಾರೀಖಿನ ಹತ್ತಿರ ಬೆರಳು ತಾನಾಗಿ ನಿಂತಿತು: ಅಕ್ಟೋಬರ್ ಹದಿನೇಳು. ಜೂನ್ ಒಂದಲ್ಲ. ಯಾವ ಹೆಡ್‌ಮೇಷ್ಟ್ರೂ ಊಹೆಯಿಂದ ಬರೆಯದ ತಾರೀಖು. ಅದರ ಪ್ರತಿಗೆ ಸಹಿ ಹಾಕುವಾಗ ಹಸಿರು ಗೆರೆ ಸೊಟ್ಟಗಾಯಿತು.

ಅವಳು ಐದನ್ನೂ ಲಕೋಟೆಗೆ ಹಾಕಿಕೊಂಡಳು. ಆಹ್ವಾನಪತ್ರಿಕೆಯನ್ನು ತೆಗೆದುಕೊಂಡು, ಒಂದು ಸಲ ಮಡಿಸಿ, ಅವರ ಡ್ರಾಯರಿನೊಳಗೆ ಮೊಹರಿನ ಪಕ್ಕ ಇಟ್ಟು ಡ್ರಾಯರು ನೂಕಿದಳು. ಕರಾರನ್ನು ಅಮ್ಮನ ಕೈಯಲ್ಲಿ ಕಳಿಸುತ್ತೇನೆ ಎಂದಳು. ಮತ್ತೇನೂ ಕೇಳಲಿಲ್ಲ. ಬಾಗಿಲವರೆಗೆ ಹೋದವಳು ತಿರುಗಿ ಬಂದು, ಬಗ್ಗಿ ಅವರ ಕಾಲು ಮುಟ್ಟಿದಳು. ಅರವತ್ತು ತುಂಬಿದವರಿಗೆ ಆ ದಿನ ಎಲ್ಲರೂ ಮಾಡುವ ನಮಸ್ಕಾರ. ಅವರು ಕೈಯನ್ನು ಅವಳ ತಲೆಯ ಮೇಲೆ ಎತ್ತಿ ಹಿಡಿದರು. ಮುಟ್ಟಲು ಧೈರ್ಯವಾಗದೆ ಬೆರಳ ತುದಿಯನ್ನಷ್ಟೇ ತಾಗಿಸಿದರು.

ಫೋಟೋ ತೆಗೆಸಲು ಗಂಡನನ್ನು ಕರೆಯಬಂದ ಕೌಸಲ್ಯಾ, ಅವರು ನೆಲದ ಮೇಲೆ ಕೂತು ಹರಿದ ಕಾಗದಗಳನ್ನು ಹೆಕ್ಕುತ್ತಿರುವುದನ್ನು ಕಂಡಳು. ಪ್ರತಿ ಚೂರಿನ ಮೇಲೂ ಹಸಿರು ಶಾಯಿಯ ಅರ್ಧರ್ಧ ಹೆಸರು, ಆ ದಿನದ ತಾರೀಖು. ಅದೇನು ಕಾಗದ ಎಂದು ಕೇಳಿದಳು.

"ಒರಿಜಿನಲ್ ನೋಡದೆ ಸೈನ್ ಹಾಕಿದ್ದು," ಎಂದರು ವಿಷ್ಣುತೀರ್ಥರು.

"ಯಾರು?"

"ನಾನೇ."

ಮೂವತ್ತನಾಲ್ಕು ವರ್ಷ ಅವರ ಜೊತೆ ಸಂಸಾರ ಮಾಡಿದ ಕೌಸಲ್ಯಾ ಆ ಮಾತನ್ನು ನಂಬಲಿಲ್ಲ. ಶಲ್ಯ ಸರಿಯಾಗಿ ಹೊದ್ದುಕೊಂಡು ಬೇಗ ಬನ್ನಿ, ಫೋಟೋದವನು ಕಾಯುತ್ತಿದ್ದಾನೆ ಎಂದು ಹೇಳಿ ಹೊರಟುಹೋದಳು.